ಮುಳುಗದ ಹನಿ: ಆರೋಗ್ಯವಂತ ಮಹಿಳೆಯೊಬ್ಬರಲ್ಲಿ ಕಬ್ಬಿಣದ ಹೀರಿಕೆ

ರಕ್ತದಾನ ಶಿಬಿರಗಳಲ್ಲಿ ಇಂದಿಗೂ ಒಂದು ಹಳೆಯ ಪರೀಕ್ಷೆ ಬಳಕೆಯಲ್ಲಿದೆ. ದಾನಿಯ ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತವನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಡುತ್ತಾರೆ. ದ್ರಾವಣದ ಸಾಪೇಕ್ಷ ಸಾಂದ್ರತೆಯನ್ನು 1.053ಕ್ಕೆ ಹೊಂದಿಸಿರುವುದರಿಂದ, ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂ ಅಥವಾ ಹೆಚ್ಚಿರುವ ರಕ್ತದ ಹನಿ 15 ಸೆಕೆಂಡಿನೊಳಗೆ ತಳ ಸೇರುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ನಡುವೆಯೇ ತೂಗಾಡಿ ಮೇಲಕ್ಕೆ ಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯ 36 ವರ್ಷದ ಈ ಮಹಿಳೆಗೆ ಮೈಲುತುತ್ತ ಹೊಸದೇನಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವಾಗ ಪ್ರತಿ ಮಳೆಗಾಲವೂ ಅಂಗಳದ ಡ್ರಮ್ಮಿನಲ್ಲಿ ಕಾಣುವ ಬಣ್ಣವದು. ಒಂದೂವರೆ ವರ್ಷದಲ್ಲಿ ಮೂರು ಸಲ ರಕ್ತ ಕೊಟ್ಟಿದ್ದ ಅವರು ನಾಲ್ಕನೆಯ ಸಲ ಹೋದಾಗ ಅವರ ಹನಿ ಮುಳುಗಲಿಲ್ಲ. ಯಂತ್ರದಲ್ಲಿ ಅಳೆದಾಗ ಹಿಮೋಗ್ಲೋಬಿನ್ 11.8 ಗ್ರಾಂ ಬಂತು. ಗರ್ಭಿಣಿಯಲ್ಲದ ವಯಸ್ಕ ಮಹಿಳೆಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗಡಿ 12 ಗ್ರಾಂ. ಅಂದರೆ ಅವರು ಗಡಿಯಿಂದ ಒಂದು ಗೇಣು ಈಚೆಗೆ ಜಾರಿದ್ದರು, ಅಷ್ಟೇ.

ಅವರು ನನ್ನ ಕ್ಲಿನಿಕ್ಕಿಗೆ ಬಂದದ್ದು ಅದಾದ ಎರಡು ತಿಂಗಳ ಮೇಲೆ. ಜತೆಯಲ್ಲಿ ಅತ್ತೆಯೂ ಇದ್ದರು. "ಡಾಕ್ಟ್ರೇ, ನಂಗೆ ಕಾಯಿಲೆ ಅಂತ ಏನಿಲ್ಲ. ಮಾತ್ರೆ ಯಾಕೆ ಹಿಡೀತಿಲ್ಲ ಅಂತ ಕೇಳೋಣ ಅಂತ ಬಂದೆ" ಎಂದರು. ಕಬ್ಬಿಣದ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದರಂತೆ ಆರು ವಾರ ತಪ್ಪದೆ ನುಂಗಿದ್ದರು. ಪ್ರತಿ ಮಾತ್ರೆಯಲ್ಲಿ ಕಬ್ಬಿಣದ ಅಂಶ 60 ಮಿಲಿಗ್ರಾಂ, ದಿನಕ್ಕೆ 120. ಫಲ ಎಂದರೆ ಹೊಟ್ಟೆಯುರಿ, ಮಲಬದ್ಧತೆ, ಕಪ್ಪು ಮಲ. ಹಿಮೋಗ್ಲೋಬಿನ್ ಮಾತ್ರ 12.0ಕ್ಕೆ ಬಂದು ನಿಂತಿತ್ತು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಮಾತ್ರೆಯಲ್ಲಿರಲಿಲ್ಲ, ಅವರ ಕರುಳು ಮತ್ತು ಯಕೃತ್ತಿನ ನಡುವಿನ ಮಾತುಕತೆಯಲ್ಲಿತ್ತು.

ಮನೆಯ ಲೆಕ್ಕ

ತೂಕ 54 ಕಿಲೋ, ಇಬ್ಬರು ಮಕ್ಕಳು, 28 ದಿನಕ್ಕೊಮ್ಮೆ ಮುಟ್ಟು, ನಾಲ್ಕು ದಿನದ ಸಾಧಾರಣ ಸ್ರಾವ. ಬರಿಗಾಲಲ್ಲಿ ತೋಟದಲ್ಲಿ ಓಡಾಡುವವರಾದ್ದರಿಂದ ಕೊಕ್ಕೆಹುಳುವಿನ ಅನುಮಾನ ಮೊದಲು ಬಂತು. ಎರಡು ಸಲ ಮಲಪರೀಕ್ಷೆ ಮಾಡಿಸಿದರೂ ಹುಳುವಿನ ಮೊಟ್ಟೆಯಾಗಲಿ ರಕ್ತದ ಸುಳಿವಾಗಲಿ ಕಾಣಲಿಲ್ಲ. ಥೈರಾಯ್ಡ್ ಸರಿಯಿತ್ತು. ಹಾಗಾಗಿ ಇದನ್ನು ರೋಗ ಎಂದು ನೋಡದೆ ಜಮಾ ಖರ್ಚಿನ ವಿಷಯವೆಂದು ನೋಡಿದೆ.

ವಯಸ್ಕ ಮಹಿಳೆಯ ದೇಹದಲ್ಲಿ ಒಟ್ಟು ಎರಡೂವರೆಯಿಂದ ಮೂರು ಗ್ರಾಂ ಕಬ್ಬಿಣ ಇರುತ್ತದೆ. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲೇ ಇದೆ. ಚರ್ಮ ಮತ್ತು ಕರುಳಿನ ಜೀವಕೋಶಗಳು ಉದುರುವುದರಿಂದ ದಿನಕ್ಕೆ ಹೆಚ್ಚುಕಡಿಮೆ 0.9 ಮಿಲಿಗ್ರಾಂ ಹೋಗುತ್ತದೆ. ಮುಟ್ಟಿನಲ್ಲಿ 40 ಮಿಲಿಲೀಟರ್ ರಕ್ತ ಹೋದರೆ ತಿಂಗಳಿಗೆ 17 ಮಿಲಿಗ್ರಾಂ, ದಿನದ ಲೆಕ್ಕಕ್ಕೆ ಇಳಿಸಿದರೆ 0.6. ಇವೆರಡೂ ಸೇರಿ ಅವರ ನಿತ್ಯದ ಖರ್ಚು ಒಂದೂವರೆ ಮಿಲಿಗ್ರಾಂ. ಇನ್ನು ರಕ್ತದಾನ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ 3.4 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಮೊದಲ ಸಲ ರಕ್ತ ಕೊಟ್ಟಾಗ ಅವರ ಹಿಮೋಗ್ಲೋಬಿನ್ 12.8 ಇತ್ತು, ಆಗ ಹೋದ 350 ಮಿಲಿಲೀಟರ್ ರಕ್ತದಲ್ಲಿ 150 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚೇ ಕಬ್ಬಿಣ ಹೊರಹೋಗಿದೆ. ಮಹಿಳೆಯರು ಒಮ್ಮೆ ರಕ್ತ ಕೊಟ್ಟ ಮೇಲೆ ನಾಲ್ಕು ತಿಂಗಳು ಬಿಟ್ಟು ಮತ್ತೆ ಕೊಡಬಹುದು ಎಂಬ ನಿಯಮದ ಪ್ರಕಾರ ಆ ನಾಲ್ಕು ತಿಂಗಳಿಗೆ ಇದನ್ನು ಹಂಚಿದರೆ ದಿನಕ್ಕೆ ಇನ್ನೂ ಒಂದೂಕಾಲು ಮಿಲಿಗ್ರಾಂ ಸೇರುತ್ತದೆ. ನಿತ್ಯದ ಖರ್ಚು ಹೆಚ್ಚೂಕಡಿಮೆ ಇಮ್ಮಡಿಯಾಯಿತು.

ಜಮಾದ ಕಡೆ ನೋಡಿದರೆ, ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ರಾತ್ರಿ ಅನ್ನ, ಹೆಸರುಕಾಳಿನ ಸಾರು, ಹರಿವೆ ಅಥವಾ ಬಸಳೆ ಸೊಪ್ಪಿನ ಪಲ್ಯ, ತಿಂಗಳಿಗೆ ಎರಡು ಮೂರು ಸಲ ಹೊಳೆಮೀನು ಅಥವಾ ಕೋಳಿ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. ಇಡೀ ದಿನದ ಊಟವನ್ನು ಕೂಡಿದಾಗ ನನ್ನ ಅಂದಾಜಿಗೆ 13 ಮಿಲಿಗ್ರಾಂ ಬಂತು. ಭಾರತೀಯ ಮಹಿಳೆಗೆ 2020ರಲ್ಲಿ ಶಿಫಾರಸು ಮಾಡಿದ ಪ್ರಮಾಣ ದಿನಕ್ಕೆ 29 ಮಿಲಿಗ್ರಾಂ. ಅದು ದೊಡ್ಡದಾಗಿ ಕಾಣುವುದಕ್ಕೆ ಕಾರಣ ನಮ್ಮ ಧಾನ್ಯದ ಊಟದಿಂದ ಕರುಳು ಹೀರುವ ಪಾಲು ಚಿಕ್ಕದು. 13 ಮಿಲಿಗ್ರಾಂನಲ್ಲಿ 2.7 ಮಿಲಿಗ್ರಾಂ ಒಳಗೆ ಬರಬೇಕಾದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೀರಬೇಕು. ದಾಸ್ತಾನು ಬರಿದಾದ ಮಹಿಳೆಯ ಕರುಳು ಇಷ್ಟನ್ನು ಹೀರಲು ಸಿದ್ಧವಿರುತ್ತದೆ, ಆದರೆ ತಟ್ಟೆಯಲ್ಲಿರುವ ಬೇರೆ ಪದಾರ್ಥಗಳೂ ಅದಕ್ಕೆ ಅನುವು ಮಾಡಿಕೊಡಬೇಕು.

ದಾರಿ ತಪ್ಪಿಸಿದ ವರದಿ

ಅವರು ಕೈಯಲ್ಲಿ ಹಿಡಿದು ತಂದಿದ್ದ ಹಳೆಯ ವರದಿಯಲ್ಲಿ ಫೆರಿಟಿನ್ 38 ಎಂದಿತ್ತು. ಪಕ್ಕದಲ್ಲೇ 'ಸಾಮಾನ್ಯ' ಎಂಬ ಮುದ್ರೆ. ಕಬ್ಬಿಣವನ್ನು ಕೂಡಿಡುವ ಪ್ರೋಟೀನಾದ ಫೆರಿಟಿನ್ ದಾಸ್ತಾನಿನ ಕನ್ನಡಿ. ರಕ್ತದಲ್ಲಿ ಲೀಟರಿಗೆ ಅದರ ಒಂದೊಂದು ಮೈಕ್ರೋಗ್ರಾಂ ದೇಹದಲ್ಲಿ ಕೂಡಿಟ್ಟ ಸುಮಾರು 8 ಮಿಲಿಗ್ರಾಂ ಕಬ್ಬಿಣಕ್ಕೆ ಸಮ ಎಂದು ಹಿಡಿಯಬಹುದು. 38 ಇದ್ದರೆ ಕಬ್ಬಿಣ ಸಾಲದು ಎಂದು ಹೇಳುವಂತಿಲ್ಲ, ಮಾತ್ರೆಯೂ ಬೇಕಿಲ್ಲ. ಆದರೆ ದಿನಾಂಕ ನೋಡಿ ಕೇಳಿದಾಗ, ಆ ವಾರದ ಹಿಂದಷ್ಟೇ ಅವರಿಗೆ ಮೂರು ದಿನ ಜ್ವರ, ಕೆಮ್ಮು ಬಂದಿತ್ತೆಂದು ತಿಳಿಯಿತು. ಜನವರಿ ತಿಂಗಳು, ಮಲೆನಾಡು. ಮಂಗನ ಕಾಯಿಲೆಯ ಭಯಕ್ಕೆ ಅದರ ಪರೀಕ್ಷೆಯೂ ಆಗಿ, ಇಲ್ಲವೆಂದು ಬಂದಿತ್ತು. ಸಾಧಾರಣ ನೆಗಡಿ ಜ್ವರವಾದರೂ ಸಾಕು, ಫೆರಿಟಿನ್ ಮೇಲೇರುತ್ತದೆ. ದಾಸ್ತಾನು ಹೆಚ್ಚಿದೆ ಎಂದು ಅದರ ಅರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ 15, ಸೋಂಕು ಅಥವಾ ಉರಿಯೂತ ಇರುವವರಿಗೆ 70 ಎಂಬ ಬೇರೆ ಬೇರೆ ಗಡಿಗಳನ್ನು ಇಟ್ಟಿರುವುದು ಇದಕ್ಕೇ. ಆ ಒಂದು ಕಾಗದದ ಮೇಲೆ ನಂಬಿಕೆಯಿಟ್ಟಿದ್ದರೆ ಇಡೀ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ನಾನು ಮತ್ತೆ ಮಾಡಿಸಿದಾಗ ಉರಿಯೂತವನ್ನು ತೋರಿಸುವ ಸಿ.ಆರ್.ಪಿ. ಸಹಜವಾಗಿತ್ತು, ಫೆರಿಟಿನ್ 11. ಆರು ವಾರ ದಿನಕ್ಕೆರಡು ಮಾತ್ರೆ ನುಂಗಿದ ಮೇಲಿನ ಸ್ಥಿತಿಯಿದು.

ಅತ್ತೆಗೆ 61 ವರ್ಷ. ಸೊಸೆಯ ಮಾತ್ರೆಗಳನ್ನು 'ಶಕ್ತಿಗೆ ಒಳ್ಳೇದು' ಎಂದು ತಾವೂ ಹತ್ತು ದಿನ ನುಂಗಿದ್ದರು. "ನಾನೂ ಅದೇ ಅನ್ನ, ಅದೇ ಸಾರು ಉಣ್ಣೋದಲ್ವ, ನನ್ನದೂ ನೋಡಿ" ಎಂದು ತೋಳು ಚಾಚಿದರು. ಹಿಮೋಗ್ಲೋಬಿನ್ 13.1, ಫೆರಿಟಿನ್ 96. ಒಂದೇ ಒಲೆ, ಒಂದೇ ಅನ್ನದ ಪಾತ್ರೆ, ಎರಡು ದೇಹ. ಈ ಪ್ರಕರಣವನ್ನು ಬರೆದಿಡಬೇಕೆನಿಸಿದ್ದು ಈ ಎರಡು ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ನೋಡಿದಾಗ.

ಉಣುಗೋಲು

ಉಪ್ಪು ಹೆಚ್ಚಾದರೆ ಮೂತ್ರಪಿಂಡ ಅದನ್ನು ಹೊರಚೆಲ್ಲುತ್ತದೆ; ಕಬ್ಬಿಣ ಹೆಚ್ಚಾದರೆ ಹೊರಹಾಕಲು ದೇಹಕ್ಕೆ ಅಂಥ ದಾರಿಯೇ ಇಲ್ಲ. ಇಂಗ್ಲೆಂಡಿನ ಮೆಕಾನ್ಸ್ ಮತ್ತು ವಿಡೋಸನ್ 1937ರಲ್ಲೇ ಇದನ್ನು ಗುರುತಿಸಿ, ದೇಹದ ಕಬ್ಬಿಣವನ್ನು ಹತೋಟಿಯಲ್ಲಿಡುವುದು ವಿಸರ್ಜನೆಯಲ್ಲ, ಹೀರಿಕೆ ಎಂದು ವಾದಿಸಿದ್ದರು. ಮುದಿ ಕೆಂಪು ಕಣಗಳನ್ನು ಒಡೆದು ದೇಹ ಪ್ರತಿದಿನ 20ರಿಂದ 25 ಮಿಲಿಗ್ರಾಂ ಕಬ್ಬಿಣವನ್ನು ಮರುಬಳಕೆ ಮಾಡಿಕೊಳ್ಳುತ್ತದೆ. ಹೊರಗಿನಿಂದ ಬರಬೇಕಾದದ್ದು ಒಂದೆರಡು ಮಿಲಿಗ್ರಾಂ ಮಾತ್ರ. ಆ ಒಂದೆರಡನ್ನು ಒಳಬಿಡುವ ಜಾಗ ಸಣ್ಣ ಕರುಳಿನ ಮೊದಲ ಗೇಣುದ್ದದ ಭಾಗ. ಹಾಗೆ ಒಳಬಿಡುವುದು ಹೇಗೆ ಎಂಬುದು ಬಿಡಿಸಿಕೊಂಡದ್ದು ಮಾತ್ರ ತೀರ ಈಚೆಗೆ.

ಸೊಪ್ಪು, ಕಾಳು, ಅಕ್ಕಿಯಲ್ಲಿರುವ ಕಬ್ಬಿಣ ಮೊದಲು ಕರುಳಿನ ಗೋಡೆಯ ಮೇಲೆ ಒಂದು ಕಿಣ್ವದ ಕೈಯಿಂದ ರೂಪ ಬದಲಿಸಿಕೊಂಡು, ಡಿ.ಎಂ.ಟಿ.-1 ಎಂಬ ಸಾಗಣೆಯ ಪ್ರೋಟೀನಿನ ಮೂಲಕ ಜೀವಕೋಶದೊಳಗೆ ಹೋಗುತ್ತದೆ. ಮೀನು ಮಾಂಸದಲ್ಲಿರುವ ಕಬ್ಬಿಣಕ್ಕೆ ಬೇರೆಯೇ ಹಾದಿಯಿದೆ, ಅದು ಸಲೀಸಾಗಿ ಒಳಸೇರುತ್ತದೆ. ಆದರೆ ಜೀವಕೋಶದೊಳಗೆ ಬಂದ ಮಾತ್ರಕ್ಕೆ ಅದು ರಕ್ತಕ್ಕೆ ಸೇರಿದಂತಲ್ಲ. ರಕ್ತದ ಕಡೆಗಿನ ಒಂದೇ ಬಾಗಿಲು ಫೆರೋಪೋರ್ಟಿನ್ ಎಂಬ ಪ್ರೋಟೀನ್. ಅದನ್ನು ಗುರುತಿಸಿದ್ದು 2000ದಲ್ಲಿ. ಆ ಬಾಗಿಲು ದಾಟಿದ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಹೊತ್ತು ಅಸ್ಥಿಮಜ್ಜೆಗೆ ಒಯ್ಯುತ್ತದೆ. ದಾಟದ ಕಬ್ಬಿಣ ಜೀವಕೋಶದಲ್ಲೇ ಫೆರಿಟಿನ್‌ನ ಒಳಗೆ ಕೂತಿರುತ್ತದೆ. ಕರುಳಿನ ಆ ಜೀವಕೋಶಗಳ ಆಯಸ್ಸು ಮೂರರಿಂದ ಐದು ದಿನ. ಅವು ಉದುರುವಾಗ ಒಳಗೆ ಸಿಕ್ಕಿಕೊಂಡ ಕಬ್ಬಿಣವೂ ಮಲದ ಜತೆ ಹೊರಹೋಗುತ್ತದೆ.

ಬಾಗಿಲಿನ ಯಜಮಾನಿಕೆ ಯಕೃತ್ತಿನದು. ಅದು ತಯಾರಿಸುವ ಹೆಪ್ಸಿಡಿನ್ ಎಂಬ 25 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನು ಫೆರೋಪೋರ್ಟಿನ್‌ಗೆ ಅಂಟಿಕೊಂಡು, ಅದನ್ನು ಜೀವಕೋಶದ ಒಳಕ್ಕೆ ಎಳೆಸಿ ನಾಶ ಮಾಡಿಸುತ್ತದೆಂದು 2004ರಲ್ಲಿ ತಿಳಿಯಿತು. ಆ ಮಹಿಳೆಗೆ ಇದನ್ನು ಹೇಳುವಾಗ ನಾನು ಅವರ ಮನೆಯ ಉಣುಗೋಲನ್ನೇ (ಬೇಲಿಯ ನಡುವೆ ಗಳಗಳಿಂದ ಮಾಡಿದ ಬಾಗಿಲು) ಉದಾಹರಣೆಗೆ ತೆಗೆದುಕೊಂಡೆ. ದನ ನುಗ್ಗದಂತೆ ಗಳ ಅಡ್ಡ ಹಾಕುವುದಾದರೆ, ಸರಿಸಿದ ಕೂಡಲೇ ದಾರಿ ಬಿಡುತ್ತದೆ. ಹೆಪ್ಸಿಡಿನ್ ಮಾಡುವುದು ಅದಲ್ಲ. ಉಣುಗೋಲನ್ನೇ ಕಿತ್ತು ಒಲೆಗಿಟ್ಟು, ಆ ಜಾಗಕ್ಕೆ ಬೇಲಿ ಕಟ್ಟಿದ ಹಾಗೆ. ಮತ್ತೆ ದಾರಿಯಾಗಬೇಕಾದರೆ ಹೊಸದನ್ನು ನಿಲ್ಲಿಸಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ.

ದಾಸ್ತಾನು ತುಂಬಿದ್ದರೆ ಹೆಪ್ಸಿಡಿನ್ ಏರುತ್ತದೆ, ಬರಿದಾದರೆ ಇಳಿಯುತ್ತದೆ. ರಕ್ತ ಕಳೆದುಕೊಂಡಾಗ ಅಸ್ಥಿಮಜ್ಜೆಯ ಎಳೆಯ ಕೆಂಪು ಕಣಗಳು ಎರಿತ್ರೋಫೆರೋನ್ ಎಂಬ ಸಂದೇಶ ಕಳಿಸಿ ಹೆಪ್ಸಿಡಿನ್ ಅನ್ನು ಇನ್ನೂ ತಗ್ಗಿಸುತ್ತವೆ. ಈ ಸಂದೇಶವಾಹಕ ಪತ್ತೆಯಾದದ್ದು 2014ರಲ್ಲಿ. ಇದಕ್ಕೆ ತಿರುಗುಮುರುಗಾಗಿ ಜ್ವರ, ಸೋಂಕು ಬಂದಾಗ ಹೆಪ್ಸಿಡಿನ್ ಜಿಗಿಯುತ್ತದೆ, ಏಕೆಂದರೆ ರೋಗಾಣುಗಳಿಗೂ ಕಬ್ಬಿಣ ಬೇಕು. ಅತ್ತೆಯವರ ಸಂಖ್ಯೆ 96ರಲ್ಲಿ ನಿಂತಿರುವುದಕ್ಕೆ ಕಾರಣ ಇಷ್ಟೇ: ಮುಟ್ಟು ನಿಂತು ಹತ್ತು ವರ್ಷಕ್ಕೂ ಹೆಚ್ಚಾಗಿದೆ, ಖರ್ಚು ಒಂದು ಮಿಲಿಗ್ರಾಂ ಒಳಗೆ, ಹೆಪ್ಸಿಡಿನ್ ಬಾಗಿಲನ್ನು ಕಿರಿದಾಗಿಟ್ಟಿದೆ. ಅವರು ನುಂಗಿದ ಹತ್ತು ದಿನದ ಮಾತ್ರೆಗಳಲ್ಲಿ ಬಹುಪಾಲು ತೋಟದ ಮಣ್ಣಿಗೇ ಹೋಗಿರಬೇಕು. ಅವರಿಗೆ ನಿಲ್ಲಿಸಲು ಹೇಳಿದೆ. ಸ್ವಲ್ಪ ಬೇಸರವಾದಂತೆ ಕಂಡಿತು.

ಸೊಸೆಯ ಕರುಳಿನ ಬಾಗಿಲು ಹೀಗಿರುವಾಗ ಅಗಲವಾಗಿ ತೆರೆದಿರಬೇಕಿತ್ತು. ಅದನ್ನು ಮುಚ್ಚಿಸುತ್ತಿದ್ದದ್ದು ಮಾತ್ರೆಯೇ. 60 ಮಿಲಿಗ್ರಾಂ ಅಥವಾ ಹೆಚ್ಚಿನ ಒಂದು ಪ್ರಮಾಣ ಒಳಹೋದರೆ ಹೆಪ್ಸಿಡಿನ್ ಸುಮಾರು 24 ಗಂಟೆ ಏರಿದ್ದು, ಮರುದಿನ ನುಂಗಿದ ಮಾತ್ರೆಯ ಹೀರಿಕೆಯನ್ನು ಶೇ. 35ರಿಂದ 45ರಷ್ಟು ತಗ್ಗಿಸುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಅದೇ ತಂಡ 2017ರಲ್ಲಿ ಫೆರಿಟಿನ್ 25 ಅಥವಾ ಅದಕ್ಕಿಂತ ಕಡಿಮೆಯಿದ್ದ 40 ಯುವತಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ರತಿದಿನ, ಇನ್ನೊಂದಕ್ಕೆ ದಿನ ಬಿಟ್ಟು ದಿನ ಅಷ್ಟೇ ಸಂಖ್ಯೆಯ ಮಾತ್ರೆ ಕೊಟ್ಟಿತು. ಪ್ರತಿದಿನ ನುಂಗಿದವರು ಮಾತ್ರೆಯ ಕಬ್ಬಿಣದಲ್ಲಿ ಶೇ. 16.3, ದಿನ ಬಿಟ್ಟು ನುಂಗಿದವರು ಶೇ. 21.8 ಹೀರಿಕೊಂಡರು. ಅಂದರೆ ದಿನಕ್ಕೆರಡರಂತೆ ನುಂಗಿದ ನಮ್ಮ ಮಹಿಳೆ ತಾವೇ ಬಾಗಿಲು ಮುಚ್ಚಿಸಿ, ಹೊರಗೆ ಉಳಿದ ಕಬ್ಬಿಣದಿಂದ ಹೊಟ್ಟೆಯುರಿ ಕೊಂಡುಕೊಂಡಿದ್ದರು.

ಚೊಗರು

ಇನ್ನೊಂದು ತಡೆ ಬಾಗಿಲಿಗೂ ಮುಂಚೆಯೇ ಇತ್ತು. ಬೆಳಗಿನ ಮಾತ್ರೆಯನ್ನು ಅವರು ತಿಂಡಿಯಾದ ಮೇಲೆ ಕಾಫಿಯ ಜತೆ ನುಂಗುತ್ತಿದ್ದರು. ರಾತ್ರಿಯದನ್ನು ಊಟದ ಮೇಲೆ ಹಾಲಿನ ಜತೆ. ಹಾಲಿನ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಗೆ ಅಡ್ಡ ಬರುತ್ತದೆ, ಅದು ಸಣ್ಣ ಮಾತು. ಕಾಫಿಯದು ದೊಡ್ಡದು.

ಅವರ ಬಲಗೈ ಹೆಬ್ಬೆರಳು, ತೋರುಬೆರಳು ಕಪ್ಪಾಗಿದ್ದವು. ಅಡಿಕೆ ಸುಲಿಯುವ ಕಾಲದಲ್ಲಿ ಮಲೆನಾಡಿನ ಹೆಂಗಸರ ಬೆರಳು ಹೀಗೆಯೇ ಇರುತ್ತದೆ. ಸಾಬೂನಿಗೆ ಹೋಗುವುದಿಲ್ಲ, ಹುಳಿ ಹಾಕಿ ತಿಕ್ಕಿದರೆ ಸ್ವಲ್ಪ ಬಿಡುತ್ತದೆ. ಹಸಿ ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಮೆಟ್ಟುಕತ್ತಿಯ ಕಬ್ಬಿಣವನ್ನು ಹಿಡಿದುಕೊಂಡು ಕಪ್ಪು ಮಸಿಯಾಗುತ್ತದೆ. ಅಡಿಕೆ ಬೇಯಿಸಿದ ಹಂಡೆಯ ಕೆಂಪು ಚೊಗರಿಗೆ ಕಬ್ಬಿಣದ ಮೊಳೆ ಹಾಕಿಟ್ಟರೂ ಆಗುವುದು ಅದೇ. ಕಾಫಿ, ಚಹಾದಲ್ಲಿರುವ ಅಂಥದೇ ಒಗರಿನ ಪದಾರ್ಥಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದುಕೊಂಡರೆ ಕರುಳು ಅದನ್ನು ಬಿಡಿಸಿಕೊಳ್ಳಲಾರದು. ಇದನ್ನು ಕೇಳಿದಾಗ ಅವರು ತಮ್ಮ ಬೆರಳನ್ನೇ ತಿರುಗಿಸಿ ನೋಡಿಕೊಂಡರು. ನಾನು ಮುಂದೆ ಹೇಳಿದ ಅಂಕಿಗಳಿಗಿಂತ ಆ ಕರೆಯೇ ಅವರಿಗೆ ಹೆಚ್ಚು ಮನದಟ್ಟಾಯಿತು ಎಂದುಕೊಂಡಿದ್ದೇನೆ.

1983ರ ಒಂದು ಅಧ್ಯಯನದಲ್ಲಿ ಊಟದೊಂದಿಗೆ ಕುಡಿದ ಒಂದು ಲೋಟ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇ. 39, ಚಹಾ ಶೇ. 64 ತಗ್ಗಿಸಿತು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿ ಏನೂ ತೊಂದರೆ ಮಾಡಲಿಲ್ಲ; ಒಂದು ಗಂಟೆ ಆದಮೇಲೆ ಕುಡಿದದ್ದು ಮಾತ್ರ ಊಟದ ಜತೆ ಕುಡಿದಷ್ಟೇ ಕೆಡಿಸಿತು. ಕಬ್ಬಿಣದ ಮಾತ್ರೆಗೂ ಕಾಫಿ ಅಡ್ಡಿಯೇ: ಕಬ್ಬಿಣದ ಕೊರತೆಯಿದ್ದ ಮಹಿಳೆಯರಲ್ಲಿ ಕಾಫಿಯ ಜತೆ ನುಂಗಿದ ಮಾತ್ರೆಯ ಹೀರಿಕೆ ಶೇ. 54 ಕುಸಿಯಿತೆಂದು 2023ರಲ್ಲಿ ವರದಿಯಾಗಿದೆ.

ಬದಲಿಸಿದ್ದು

ಕಾಫಿ ಬಿಡಿ ಎಂದರೆ ನಮ್ಮ ಕಡೆ ಯಾರೂ ಕೇಳುವುದಿಲ್ಲ, ನಾನೂ ಹೇಳಲಿಲ್ಲ. ಹೊತ್ತು ಮಾತ್ರ ಬದಲಿಸಿದೆವು. ದಿನ ಬಿಟ್ಟು ದಿನ, ಎದ್ದ ಕೂಡಲೇ ಬರೀ ನೀರಿನಲ್ಲಿ ಒಂದು ಮಾತ್ರೆ, ಅದಾಗಿ ಒಂದು ಗಂಟೆ ಕೊಟ್ಟಿಗೆ ಕೆಲಸ, ಆಮೇಲೆ ಕಾಫಿ, ತಿಂಡಿ ಕಾಫಿಯಾಗಿ ಒಂದು ಗಂಟೆಯ ಮೇಲೆ. ತಿಂಡಿಯ ಜತೆಗಿನ ಎರಡನೆಯ ಲೋಟ ಸಂಜೆ ನಾಲ್ಕಕ್ಕೆ ಹೋಯಿತು. ಬೆಳಗಿನ ಹೊತ್ತನ್ನೇ ಆರಿಸಿದ್ದಕ್ಕೂ ಕಾರಣವಿದೆ: ಹೆಪ್ಸಿಡಿನ್ ಬೆಳಿಗ್ಗೆ ತಗ್ಗಿದ್ದು ಮಧ್ಯಾಹ್ನದ ಮೇಲೆ ಏರುತ್ತದೆ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಬೆಸ ತಾರೀಕುಗಳಿಗೆ ಸುತ್ತು ಹಾಕಿಕೊಂಡರು. ತಿಂಗಳ 31ಕ್ಕೂ ಮರುದಿನ 1ಕ್ಕೂ ಒತ್ತಿಗೊತ್ತಿ ಬಂದರೆ ಚಿಂತೆಯಿಲ್ಲ ಎಂದೆ.

ಮಾತ್ರೆಗೆ ನಿಂಬೆರಸ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಕಬ್ಬಿಣ ಅಷ್ಟೊಂದು ಪ್ರಮಾಣದಲ್ಲಿರುವ ಮಾತ್ರೆಗೆ ಸಿ ಜೀವಸತ್ವ ಸೇರಿಸಿದರೆ ಹಿಮೋಗ್ಲೋಬಿನ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲವೆಂಬುದು ರೋಗಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ನಿಂಬೆ ಕೆಲಸಕ್ಕೆ ಬರುವುದು ಊಟದಲ್ಲಿ. ಸೊಪ್ಪು, ಕಾಳಿನ ಕಬ್ಬಿಣವನ್ನು ಹೀರಲು ಬೇಕಾದ ರೂಪಕ್ಕೆ ಅದು ತರುತ್ತದೆ, ಕಾಳಿನಲ್ಲಿದ್ದು ಕಬ್ಬಿಣವನ್ನು ಹಿಡಿದಿಡುವ ಫೈಟೇಟ್‌ಗಳ ಅಡ್ಡಿಯನ್ನೂ ಕಡಿಮೆ ಮಾಡುತ್ತದೆ. ಆದರೆ ಸಿ ಜೀವಸತ್ವ ಬಿಸಿಗೆ ನಾಶವಾಗುವುದರಿಂದ ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಅವರ ಹಿತ್ತಲಲ್ಲಿ ನೆಲ್ಲಿಯೂ ಪೇರಲೆಯೂ ಇದ್ದವು. ಮೀನಿನ ದಿನ ಸೊಪ್ಪಿನ ಪಲ್ಯ ತಪ್ಪಿಸಬಾರದು ಎಂದೂ ಹೇಳಿದೆ, ಏಕೆಂದರೆ ಮೀನಿನ ಜತೆ ಉಂಡ ಸೊಪ್ಪಿನ ಕಬ್ಬಿಣವೂ ಹೆಚ್ಚು ಹೀರಿಕೆಯಾಗುತ್ತದೆ.

ಇಲ್ಲೊಂದು ಮಾತು ಸೇರಿಸಲೇಬೇಕು. ದಿನ ಬಿಟ್ಟು ದಿನದ ಈ ಕ್ರಮ ಗರ್ಭಿಣಿಯರಿಗೆ ಹೇಳಿದ್ದಲ್ಲ. ಗರ್ಭದ ಎರಡನೆಯ ಮತ್ತು ಮೂರನೆಯ ತ್ರೈಮಾಸಿಕಗಳಲ್ಲಿ ಹೆಪ್ಸಿಡಿನ್ ತಾನಾಗಿಯೇ ತೀರ ಕೆಳಗಿಳಿಯುತ್ತದೆ, ಬೇಡಿಕೆ ಏರುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಅವರಿಗೆ 180 ದಿನ ಪ್ರತಿದಿನವೂ ಮಾತ್ರೆ ಇರುವುದು ಸರಿಯೇ, ಅದನ್ನು ತಾವಾಗಿ ಬಿಡಬಾರದು. ತೀವ್ರ ರಕ್ತಹೀನತೆಯ ಚಿಕಿತ್ಸೆಯೂ ಬೇರೆ ವಿಷಯ.

ಆರು ತಿಂಗಳು

ಹೊಟ್ಟೆಯುರಿ ಮೊದಲ ವಾರದಲ್ಲೇ ನಿಂತಿತು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 12.9, ಫೆರಿಟಿನ್ 27. ನುಂಗಿದ್ದು 45 ಮಾತ್ರೆ. ಹಿಂದೆ ಆರು ವಾರದಲ್ಲಿ ನುಂಗಿದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ರಕ್ತಕ್ಕೆ ಸುಮಾರು 110, ದಾಸ್ತಾನಿಗೆ ಸುಮಾರು 130 ಮಿಲಿಗ್ರಾಂ ಸೇರಿದ ಲೆಕ್ಕ ಬರುತ್ತದೆ. ಕಾಫಿಯ ಹೊತ್ತು, ಹಾಲು, ಮಾತ್ರೆಯ ಅಂತರ ಎಲ್ಲವನ್ನೂ ಒಟ್ಟಿಗೇ ಬದಲಿಸಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಈ ಒಂದು ಪ್ರಕರಣದಿಂದ ಬೇರ್ಪಡಿಸಲಾಗದು.

ಮುಂದಿನ ಮೂರು ತಿಂಗಳು ಅದೇ ಕ್ರಮದಲ್ಲಿ ನಡೆದರೂ ಫೆರಿಟಿನ್ 35ಕ್ಕೆ ಮಾತ್ರ ಏರಿತು, ಹಿಮೋಗ್ಲೋಬಿನ್ 13.1. ಮತ್ತೆ ಮಾತ್ರೆ ಹಿಡಿಯುತ್ತಿಲ್ಲವೇ ಎಂದು ಅವರಿಗೆ ಆತಂಕವಾಯಿತು. ಈ ಸಲ ಹೇಳಿದ್ದು ಬೇರೆ: ದಾಸ್ತಾನು ತುಂಬಿದಂತೆಲ್ಲ ಯಕೃತ್ತು ಉಣುಗೋಲಿನ ಸಂಖ್ಯೆಯನ್ನು ಕಡಿಮೆ ಮಾಡುತ್ತಿದೆ, ಅತ್ತೆಯವರ ದೇಹ ಮಾಡುವುದನ್ನೇ ಈಗ ಅವರ ದೇಹವೂ ಮಾಡುತ್ತಿದೆ. ಮಾತ್ರೆ ನಿಲ್ಲಿಸಿದೆವು.

ರಕ್ತ ಕೊಡುವುದನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ವರ್ಷಕ್ಕೆ ಒಂದು ಸಲ, ಅದೂ ಅಡಿಕೆ ಕೊಯ್ಲು ಮುಗಿದ ಮೇಲೆ, ಎಂದು ಒಪ್ಪಿಕೊಂಡರು. ದಾನವಾದ ಮೇಲೆ ಎರಡು ತಿಂಗಳು ದಿನ ಬಿಟ್ಟು ದಿನದ ಮಾತ್ರೆ, ಜ್ವರ ಕೆಮ್ಮು ಇಲ್ಲದ ಹೊತ್ತು ನೋಡಿ ವರ್ಷಕ್ಕೊಮ್ಮೆ ಫೆರಿಟಿನ್. ಮಾರ್ಚ್ ತಿಂಗಳ ಶಿಬಿರದಿಂದ ಫೋನ್ ಮಾಡಿ, "ಹನಿ ಮುಳುಗ್ತು ಡಾಕ್ಟ್ರೇ" ಎಂದರು. ಆಮೇಲೆ ಕೇಳಿದ್ದು ಮಗಳ ವಿಷಯ: 14 ವರ್ಷ, ಮುಟ್ಟು ಶುರುವಾಗಿ ಒಂದು ವರ್ಷ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಚೀಲದಲ್ಲಿಟ್ಟುಕೊಂಡು ಬರುತ್ತಾಳಂತೆ. ಇಬ್ಬರನ್ನೂ ಮುಂದಿನ ಗುರುವಾರ ಬರಲು ಹೇಳಿದ್ದೇನೆ.